ಹೆಸರಿಲ್ಲದಿದ್ದರೆ ಫಾರಿನ್ ಚಿತ್ರ

ಮಕ್ಕಳ ಪುಸ್ತಕ ಮಾಡುವುದು ಪುಣ್ಯದ ಕೆಲಸ ಎಂದು ಯಾರಾದರೂ ನಿಮಗೆ ಹೇಳಿದರೆ, ಅವರು ಪ್ರಕಾಶಕರೇ ಎಂದು ಮೊದಲು ವಿಚಾರಿಸಿಕೊಳ್ಳಿ. ಈಚೆಗೆ ವಿದ್ಯಾನಗರದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಎಂ.ಎ. ಮುಗಿಸಿದ್ದಾರೆ, ಮಕ್ಕಳ ಪುಸ್ತಕಗಳ ಸಂಪಾದಕಿಯರಾಗಬೇಕಂತೆ. "ನಿಮ್ಮ ಅನುಭವ ಹೇಳಿ ಮೇಡಂ, ನಮಗೆ ಸ್ಫೂರ್ತಿ ಬರಲಿ" ಎಂದರು. ಸ್ಫೂರ್ತಿ ನನ್ನ ಹತ್ತಿರ ಸ್ಟಾಕ್ ಇಲ್ಲ. ಅನುಭವವಿದೆ. ಅದರಲ್ಲಿಯೂ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಒಂದೇ ಜಗಳ: ನಮ್ಮ ಪುಸ್ತಕಗಳಿಗೆಲ್ಲ ಚಿತ್ರ ಬರೆದ ನಜೀರ್ ಸಾಬರ ಹೆಸರು ಒಂದೇ ಒಂದು ಪುಸ್ತಕದಲ್ಲಾದರೂ ಅಚ್ಚಾಗಬೇಕೆಂದು ನಡೆಸಿದ ಜಗಳ. ಅದನ್ನು ಕೇಳಿದ ಮೇಲೂ ಈ ಕೆಲಸಕ್ಕೆ ಬರುವ ಮನಸ್ಸಿದ್ದರೆ ಬನ್ನಿ, ಬೇಡ ಎನ್ನುವುದಿಲ್ಲ.

ನಾನು ಸಂಪಾದಕಿಯಾಗಿ ಕೆಲಸ ಮಾಡಿದ್ದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಪ್ರಕಾಶನದಲ್ಲಿ. ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ಬಗೆಯ ಪುಸ್ತಕ. ಜಗತ್ತನ್ನು ಬದಲಿಸಿದ ಒಂದು ಯಂತ್ರವನ್ನೋ, ಜಗತ್ತು ನಿಂತು ನೋಡಿದ ಒಂದು ಶಿಲ್ಪವನ್ನೋ ಹಿಡಿದುಕೊಂಡು, ಅದು ಹುಟ್ಟಿದ ಕಾಲ ಹೇಗಿತ್ತು, ಆಗ ಯಾರು ಆಳುತ್ತಿದ್ದರು, ಜನ ಏನು ಉಣ್ಣುತ್ತಿದ್ದರು, ಅದು ಬಂದ ಮೇಲೆ ಏನಾಯಿತು ಎಂದು ಶಾಲೆಯ ಮಕ್ಕಳಿಗೆ ತಿಳಿಯುವಂತೆ ಹೇಳುವುದು. ಯೋಚನೆ ಚೆನ್ನಾಗಿಯೇ ಇತ್ತು. ಅದನ್ನು ಕೆಡಿಸುವ ಕೆಲಸಕ್ಕೆ ಮಾತ್ರ ನಮ್ಮಲ್ಲಿ ಜನ ಕಡಿಮೆ ಇರಲಿಲ್ಲ.

ಮೊದಲನೆಯವರು ಮಾಲೀಕರು, ಪರಮೇಶಪ್ಪನವರು. ಅಡಿಕೆ ಮಂಡಿಯಲ್ಲಿ ಬೆಳೆದವರು. ಅಡಿಕೆಯನ್ನು ಮೇಲಿನ ದರ್ಜೆಯ ಸರಕಿನಿಂದ ಕೆಳಗಿನ ಗೊರಬಲಿನವರೆಗೆ ವಿಂಗಡಿಸುವಂತೆ ಚರಿತ್ರೆಯನ್ನೂ ವಿಂಗಡಿಸುತ್ತಿದ್ದರು. ಟೆಲಿಫೋನು ಸರಕು, ಉಗಿಬಂಡಿ ಸರಕು. ಕಾಗದದ ಮೇಲೊಂದು ಪುಸ್ತಕ ಮಾಡೋಣ ಎಂದರೆ, "ಅದು ಗೊರಬಲು, ಗಿರಿಜಮ್ಮ. ಕಾಗದದಲ್ಲಿ ನೋಡೋಕೆ ಏನಿದೆ ಮಾರಾಯ್ತಿ?" ಎನ್ನುತ್ತಿದ್ದರು. ಹೇಳುತ್ತಿದ್ದವರು ಕಾಗದ ಅಚ್ಚು ಹಾಕಿಸಿ ಮಾರಿ ಮನೆ ನಡೆಸುತ್ತಿದ್ದವರು.

ಎರಡನೆಯವರು ನಮ್ಮ ಲೇಖಕರು, ಒಬ್ಬ ನಿವೃತ್ತ ಪ್ರಾಧ್ಯಾಪಕರು. ಅವರ ಪ್ರಕಾರ ಜಗತ್ತಿನ ಸಂಶೋಧಕರೆಲ್ಲರಿಗೂ ಒಂದೇ ಬಾಲ್ಯ: ಕಡುಬಡತನ, ವಿಧವೆ ತಾಯಿ, ಬೀದಿದೀಪದ ಕೆಳಗೆ ಓದು. ಯಾವ ದೇಶವಾದರೂ ಸರಿ, ಯಾವ ಶತಮಾನವಾದರೂ ಸರಿ, ಮೂರನೆಯ ಪುಟಕ್ಕೆ ಬೀದಿದೀಪ ಹತ್ತಿಕೊಳ್ಳುತ್ತಿತ್ತು. ಮುದ್ರಣ ಯಂತ್ರದ ಪುಸ್ತಕ ಬರೆದು ತಂದಾಗ ಅದರ ನಾಯಕನೂ ಚಿಕ್ಕಂದಿನಲ್ಲಿ ಬೀದಿದೀಪದ ಕೆಳಗೆ ಕೂತು ಊರಿನ ಅಚ್ಚಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ.

"ಸಾರ್, ಅಚ್ಚಿನ ಯಂತ್ರವನ್ನ ಇವನು ಇನ್ನೂ ಮಾಡಬೇಕಲ್ಲ. ಆ ಪುಸ್ತಕಗಳನ್ನ ಅಚ್ಚು ಹಾಕಿದ್ದು ಯಾರು?" ಎಂದೆ.

"ಮಕ್ಕಳಿಗೆ ಅದೆಲ್ಲ ಗೊತ್ತಾಗಲ್ಲಮ್ಮ. ಓದೋ ಹುಮ್ಮಸ್ಸು ಬಂದ್ರೆ ಸಾಕು" ಎಂದರು.

ಮಕ್ಕಳಿಗೆ ಗೊತ್ತಾಗಲ್ಲ. ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿ, ನಿಮಗೆ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ಬರೆಯುವವರ ಸೋಮಾರಿತನ, ಮಾಲೀಕರ ಅವಸರ, ಪ್ರೆಸ್ಸಿನವರ ಬೇಜವಾಬ್ದಾರಿ ಎಲ್ಲವೂ ಆ ಒಂದು ಮಾತಿನ ಹಿಂದೆ ಹಾಯಾಗಿ ಮಲಗಿರುತ್ತವೆ. ನಾನು ಆ ಪುಟದ ಮೇಲೆ ಕೆಂಪು ಗೆರೆ ಎಳೆದೆ. ಪ್ರಾಧ್ಯಾಪಕರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನನ್ನ ಕೆಲಸದ ದಿನಗಳಲ್ಲಿ ಅದೊಂದು ನೆಮ್ಮದಿಯ ತಿಂಗಳು.

ಇನ್ನು ನಜೀರ್ ಸಾಬರು. ಅವರು ಮೂಲತಃ ಬೋರ್ಡು ಬರೆಯುವವರು. ಸವಳಂಗ ರಸ್ತೆಯ ಗ್ಯಾರೇಜು, ಬೇಕರಿ, ಬಟ್ಟೆ ಅಂಗಡಿಗಳ ಬೋರ್ಡುಗಳಲ್ಲಿ ಅರ್ಧ ಅವರದೇ ಕೈಬರಹ. ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ನಜೀರ್ ಆರ್ಟ್ಸ್, ಶಿವಮೊಗ್ಗ' ಎಂದು ಇರುತ್ತಿತ್ತು. ಬೋರ್ಡು ಬರೆಯುವವರಲ್ಲಿ ಅದು ಪದ್ಧತಿ, ಅಂಗಡಿಯವರೂ ಬೇಡ ಎನ್ನುವುದಿಲ್ಲ. ಮಧ್ಯಾಹ್ನದವರೆಗೆ ಏಣಿಯ ಮೇಲಿದ್ದು, ಆಮೇಲೆ ನಮ್ಮ ಮಹಡಿಗೆ ಬಂದು ಉಗಿಬಂಡಿ, ದೂರದರ್ಶಕ, ಪಿರಮಿಡ್ಡು ಎಲ್ಲವನ್ನೂ ಬರೆಯುತ್ತಿದ್ದರು. ಆ ಚಿತ್ರಗಳ ಮೂಲೆಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಪುಸ್ತಕದ ಒಳಪುಟದಲ್ಲಿ ಲೇಖಕರ ಹೆಸರು, ಪ್ರಕಾಶಕರ ಹೆಸರು, ಪ್ರೆಸ್ಸಿನ ಹೆಸರು, ಮೊದಲ ಪ್ರತಿ ಕೊಂಡ ದಾನಿಯ ಹೆಸರು ಕೂಡ ಇರುತ್ತಿತ್ತು.

ಪರಮೇಶಪ್ಪನವರಿಗೆ ಎಲ್ಲಿಂದಲೋ ಒಂದು ನಿಯಮ ಸಿಕ್ಕಿತ್ತು. ಚಿತ್ರದಲ್ಲಿರುವ ಮುಖ ಪುಟದ ಒಳಗೆ ನೋಡಬೇಕು, ಹೊರಗೆ ನೋಡಬಾರದು, ಹೊರಗೆ ನೋಡಿದರೆ ಓದುಗನೂ ಹೊರಗೆ ಹೋಗುತ್ತಾನೆ. ನಿಯಮದಲ್ಲಿ ತಪ್ಪಿಲ್ಲ, ಪುಟ ಕಟ್ಟುವವರೆಲ್ಲ ಸ್ವಲ್ಪ ಮಟ್ಟಿಗೆ ಅದನ್ನು ಪಾಲಿಸುತ್ತಾರೆ. ಆದರೆ ಇವರು ಹೊರಗೆ ನೋಡುವ ಫೋಟೋ ಕಂಡರೆ ಸಾಕು, ನೆಗೆಟಿವನ್ನೇ ತಿರುವಿ ಹಾಕಿಸುತ್ತಿದ್ದರು. ಗಡಿಯಾರದ ಪುಸ್ತಕದಲ್ಲಿ ಗಡಿಯಾರ ತಯಾರಿಸುವವನ ಮುಖ ಒಳಗೆ ತಿರುಗಿತು. ಅವನ ಹಿಂದಿನ ಗೋಡೆ ಗಡಿಯಾರದ ಅಂಕಿಗಳೂ ತಿರುಗಿದವು. ತೋರಿಸಿದೆ. "ಮುಖ ಸರಿಯಾಗಿದೆಯಲ್ಲ, ಬಿಡಿ" ಎಂದರು.

ಕಂಚಿನ ಎರಕದ ಪುಸ್ತಕದಲ್ಲಿ ನಟರಾಜನಿಗೂ ಅದೇ ಗತಿಯಾಯಿತು. ನನಗೆ ಗೊತ್ತಾಗುವ ಹೊತ್ತಿಗೆ ಪುಸ್ತಕದ ಕಟ್ಟುಗಳು ಆಟೋ ಹತ್ತಿದ್ದವು. ಪರಮೇಶಪ್ಪನವರ ಜೊತೆ ಭದ್ರಾವತಿಯ ನ್ಯೂ ಟೌನಿನ ಒಂದು ಶಾಲೆಗೆ ಹೋದಾಗ ಅಲ್ಲಿಯ ಹೆಡ್‌ಮಾಸ್ಟರು ಆ ಪುಟ ತೆರೆದು ಕೂತಿದ್ದರು.

"ಏನ್ರೀ ಇದು? ನಟರಾಜ ಯಾವ ಕಾಲು ಎತ್ತಿದಾನೆ ನೋಡ್ರಿ."

ಎತ್ತಬೇಕಾದದ್ದು ಎಡಗಾಲು. ನಮ್ಮವನು ಬಲಗಾಲು ಎತ್ತಿ ನಿಂತಿದ್ದ. ದಿನಾ ವಿಭೂತಿ ಹಚ್ಚಿ ಶಿವಪೂಜೆ ಮಾಡದೆ ನೀರೂ ಮುಟ್ಟದ ಪರಮೇಶಪ್ಪನವರು ಬೆವರು ಒರೆಸಿಕೊಂಡರು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ, ಉಕ್ಕಿನ ಕಾರ್ಖಾನೆಯ ಒಬ್ಬ ಹಳೆಯ ಫೋರ್‌ಮನ್, ತಮಿಳಿನವರು, ಪಕ್ಕದಲ್ಲೇ ಕೂತಿದ್ದರು. ಪುಸ್ತಕದತ್ತ ಬಗ್ಗಿ, "ಪರವಾಗಿಲ್ಲ ಸಾರ್. ನಮ್ಮ ಮದುರೈಲಿ ಸ್ವಾಮಿ ಹಿಂಗೇ ಇರೋದು. ಒಂದೇ ಕಾಲಲ್ಲಿ ನಿಂತು ನಿಂತು ನಿಮಗೆ ನೋವಾಗಲ್ವಾ ಅಂತ ರಾಜಾ ಕೇಳ್ದ. ಸ್ವಾಮಿ ಕಾಲು ಬದಲಾಯಿಸ್ಬಿಟ್ರು" ಎಂದರು.

"ಅದೇ ಸಾರ್! ನಾವು ಹಾಕಿರೋದು ಮದುರೈದೇ!" ಎಂದು ಪರಮೇಶಪ್ಪನವರು ಎದ್ದು ನಿಂತರು. ಚಿತ್ರದ ಕೆಳಗೆ 'ತಂಜಾವೂರು' ಎಂದು ದಪ್ಪಕ್ಷರದಲ್ಲಿಯೇ ಅಚ್ಚಾಗಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ, "ನೋಡಿದ್ರಾ ಗಿರಿಜಮ್ಮ, ಶಿವನೇ ಕಾಪಾಡ್ದ" ಎಂದರು. ಮುಂದಿನ ಮುದ್ರಣದಲ್ಲಿ ಚಿತ್ರ ತಿದ್ದೋಣ ಎಂದೆ. ತಿದ್ದಿದರು, ಚಿತ್ರವನ್ನಲ್ಲ, ತಂಜಾವೂರನ್ನು ಹೊಡೆದು ಮದುರೈ ಮಾಡಿದರು.

ಇಂಥ ಅಂಗಡಿಯಲ್ಲಿಯೂ ಒಮ್ಮೊಮ್ಮೆ ಒಳ್ಳೆಯ ಪುಸ್ತಕ ಹುಟ್ಟುತ್ತದೆ. ನಮ್ಮ ಉಕ್ಕಿನ ಪುಸ್ತಕ ಅಂಥದು. ಹಳೆಯ ಕಾಲದ ಮಣ್ಣಿನ ಕುಲುಮೆಯಿಂದ ಈ ಕಾಲದ ದೊಡ್ಡ ಕುಲುಮೆಯವರೆಗೆ ನಾನೇ ಕೂತು ಬರೆದೆ. ನಜೀರ್ ಸಾಬರು ಭದ್ರಾವತಿಯಲ್ಲಿದ್ದ ತಮ್ಮ ಮಾವನ ಮನೆಯಲ್ಲಿ ಉಳಿದುಕೊಂಡು, ಕುಲುಮೆಯ ಮುಂದೆ ದುಡಿದು ನಿವೃತ್ತರಾದವರನ್ನು ಚಹಾದಂಗಡಿಯಲ್ಲಿ ಹಿಡಿದು, ಅವರ ಕೈಗೆ ಉದ್ದದ ಕೋಲು ಕೊಟ್ಟು ನಿಲ್ಲಿಸಿ ಚಿತ್ರ ಬರೆದುಕೊಂಡು ಬಂದರು. ಬೆಂಕಿಯ ಮುಂದೆ ನಿಂತವನು ಕಣ್ಣು ಕಿರಿದು ಮಾಡಿ, ಮುಖ ಒಂದು ಬದಿಗೆ ಹೊರಳಿಸಿ, ಕೈಯನ್ನು ಮಾತ್ರ ಮುಂದೆ ಚಾಚಿದ್ದ ಚಿತ್ರ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಪರಮೇಶಪ್ಪನವರೂ ನೋಡಿದರು. "ಮುಖ ಹೊರಗೆ ನೋಡ್ತಿದೆಯಲ್ಲ ನಜೀರಣ್ಣ, ತಿರುಗ್ಸು."

"ಬೆಂಕಿ ಕಡೆ ತಿರುಗ್ಸಿದ್ರೆ ಸುಟ್ಟೋಗ್ತಾನೆ ಸಾಹುಕಾರ್ರೇ" ಎಂದರು ನಜೀರ್ ಸಾಬರು. ಆ ಒಂದು ಸಲ ನಿಯಮ ಸೋತಿತು.

ಆ ಪುಸ್ತಕವನ್ನು ಅವರ ಮಗಳು ಶಬಾನಾ ಶಾಲೆಗೆ ತೆಗೆದುಕೊಂಡು ಹೋದಳು. ಆಗ ಐದನೆಯ ಕ್ಲಾಸು. ಈ ಚಿತ್ರಗಳನ್ನು ನಮ್ಮ ಅಬ್ಬ ಬರೆದದ್ದು ಎಂದು ಟೀಚರಿಗೆ ತೋರಿಸಿದ್ದಾಳೆ. ಟೀಚರು ಒಳಪುಟ ತೆಗೆದು ನೋಡಿದ್ದಾರೆ. ಹೆಸರಿಲ್ಲ. "ಬೋರ್ಡು ಬರೆಯೋರ ಮಗಳು, ಇಷ್ಟು ದೊಡ್ಡ ಸುಳ್ಳಾ?" ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದಾರೆ. ಗಂಟೆ ಹೊಡೆಯುವವರೆಗೂ ನಿಂತಿದ್ದಾಳೆ ಮಗು. ಆ ಟೀಚರಿಗೆ ಬುದ್ಧಿ ಇರಲಿಲ್ಲ ಎಂದು ಹೇಳಿ ಮುಗಿಸಬಹುದು. ಆದರೆ ಅವರ ಕೈಗೆ ಹೆಸರಿಲ್ಲದ ಪುಸ್ತಕ ಕೊಟ್ಟವರು ನಾವು.

ಮಾರನೆಯ ದಿನ ನಜೀರ್ ಸಾಬರು ಏಣಿಯ ಕೆಲಸ ಬಿಟ್ಟು ಬೆಳಿಗ್ಗೆಯೇ ಬಂದರು. "ಅಕ್ಕಾ, ಮುಂದಿನ ಪುಸ್ತಕದಲ್ಲಿ ನನ್ ಹೆಸ್ರು ಹಾಕ್ಸಿ. ಎಷ್ಟು ಸಣ್ಣದಾದ್ರೂ ಸರಿ. ಟೀಚರ್ ಏನಾದ್ರೂ ಅನ್ಲಿ ಬಿಡಿ. ರಾತ್ರಿ ಊಟಕ್ಕೆ ಕೂತಾಗ ಮಗೂನೇ ನನ್ನ ಕೇಳ್ತು, ಅಬ್ಬಾ, ನಿಜವಾಗ್ಲೂ ನೀನೇ ಬರ್ದಿದ್ದಾ ಅಂತ" ಎಂದರು.

ನಾನು ಅವರನ್ನು ಕರೆದುಕೊಂಡು ಪರಮೇಶಪ್ಪನವರ ಕೋಣೆಗೆ ಹೋದೆ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿ, ನಜೀರ್ ಸಾಬರ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಅಲ್ಲ ಮಾರಾಯ, ನಿನ್ ಕೈ ಎಂಥಾದ್ದು ಅಂತ ನಂಗೆ ಗೊತ್ತಿಲ್ವಾ? ಆದ್ರೆ ಯೋಚ್ನೆ ಮಾಡು. ನಿನ್ ಹೆಸ್ರು ಹಾಕಿದ್ರೆ ಸವಳಂಗ ರಸ್ತೆ ಬೋರ್ಡ್ ನಜೀರ ಬರ್ದಿದ್ದು ಅಂತಾರೆ. ಹೆಸ್ರಿಲ್ಲದಿದ್ರೆ ಫಾರಿನ್ ಚಿತ್ರ ಅಂದ್ಕೋತಾರೆ. ಯಾವ್ದು ನಿಂಗೆ ಮರ್ಯಾದೆ?"

ಮೂವತ್ತು ವರ್ಷದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನಯವಾದ ಅವಮಾನ ಇನ್ನೊಂದಿಲ್ಲ. ಹೊಗಳಿಕೆಯೋ ಬೈಗುಳವೋ ತಿಳಿಯದೆ ನಜೀರ್ ಸಾಬರು ನನ್ನ ಮುಖ ನೋಡಿದರು. ನಾನು ಬೈಗುಳವೇ ಎಂದು ಅಲ್ಲಿಯೇ ಗಟ್ಟಿಯಾಗಿ ಹೇಳಿದೆ. ಪರಮೇಶಪ್ಪನವರು ಚಹಾ ತರಿಸಿದರು. ಅವರಿಗೆ ಉತ್ತರ ಹೊಳೆಯದಿದ್ದಾಗಲೆಲ್ಲ ಚಹಾ ಬರುತ್ತಿತ್ತು.

ಆಮೇಲೆ ಬಂದದ್ದು ಮುದ್ರಣ ಯಂತ್ರದ ಪುಸ್ತಕ, ಬೀದಿದೀಪ ಆರಿಸಿದ್ದು. ಅದರಲ್ಲಿ ಯುರೋಪಿನ ಹಳೆಯ ಪೇಟೆಯ ಒಂದು ದೊಡ್ಡ ಚಿತ್ರವಿತ್ತು. ಕಲ್ಲು ಹಾಸಿದ ಬೀದಿ, ಕುದುರೆಗಾಡಿ, ಒಂದು ಛತ್ರ, ಛತ್ರದ ಬಾಗಿಲ ಮೇಲೆ ಮರದ ಬೋರ್ಡು. ಪುಸ್ತಕ ಅಚ್ಚಾಗಿ ಬಂದ ಮೇಲೆ ಪರಮೇಶಪ್ಪನವರು ಕನ್ನಡಕ ಏರಿಸಿ ನೋಡುತ್ತಾರೆ, ಆ ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಅಚ್ಚಕನ್ನಡದಲ್ಲಿ 'ನಜೀರ್ ಆರ್ಟ್ಸ್, ಶಿವಮೊಗ್ಗ'.

"ಕೈ ಅಭ್ಯಾಸ ಸಾಹುಕಾರ್ರೇ. ಬೋರ್ಡ್ ಬರೆದ್ರೆ ಕೈ ತಾನಾಗೇ ಮೂಲೆಗೆ ಹೋಗುತ್ತೆ" ಎಂದರು ನಜೀರ್ ಸಾಬರು. ಅಭ್ಯಾಸವೋ ಹಟವೋ ನಾನು ಕೇಳಲಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಸಂತೋಷವೇ ಆಗಿತ್ತು.

ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ಪರಮೇಶಪ್ಪನವರು ಕಂದು ಬಣ್ಣದ ಸಣ್ಣ ಅಂಟುಚೀಟಿ ಮಾಡಿಸಿ, ಪ್ರತಿಯೊಂದು ಪ್ರತಿಯಲ್ಲಿಯೂ ಆ ಮೂಲೆಗೆ ಅಂಟಿಸಿದರು. ಪುಸ್ತಕದಲ್ಲಿ ಚೀಟಿ ಅಂಟಿಸಿದರೆ ಮಕ್ಕಳು ಏನು ಮಾಡುತ್ತಾರೆ ಎಂಬುದು ಮಕ್ಕಳ ಪುಸ್ತಕ ಮಾರುವ ಮನುಷ್ಯನಿಗೆ ತಿಳಿದಿರಲಿಲ್ಲ. ಜಿಲ್ಲೆಯ ಯಾವ ಶಾಲೆಯ ಪ್ರತಿ ನೋಡಿದರೂ ಉಗುರು ಹಾಕಿ ಚೀಟಿ ಕಿತ್ತಿದ್ದರು. ಆದರೆ ಅಂಟು ಗಟ್ಟಿಯಾಗಿತ್ತು. ಚೀಟಿಯ ಜೊತೆಗೆ ಕಾಗದದ ಮೇಲ್ಪದರವೂ, ಅದರ ಜೊತೆ ಹೆಸರೂ ಕಿತ್ತು ಬಂದು, ಛತ್ರದ ಬೋರ್ಡಿನ ಮೂಲೆಯಲ್ಲಿ ಒಂದು ಬಿಳಿಯ ಗಾಯ ಉಳಿದಿತ್ತು. ಶಬಾನಾಳ ಶಾಲೆಯ ಪ್ರತಿಯೂ ಹಾಗೆಯೇ ಇತ್ತೆಂದು ನಜೀರ್ ಸಾಬರು ಹೇಳಿದರು. ಆಮೇಲೆ ಅವರು ಚಿತ್ರದಲ್ಲಿ ಬೋರ್ಡೇ ಬರೆಯಲಿಲ್ಲ.

ನಾನು ಬಿಡಲಿಲ್ಲ. ಹೊಯ್ಸಳ ಶಿಲ್ಪಗಳ ಪುಸ್ತಕ ಮಾಡುವಾಗ ಒಂದು ಇಡೀ ಅಧ್ಯಾಯ ಬರೆದೆ. ಆ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಪೀಠದಲ್ಲಿ ತಮ್ಮ ಹೆಸರು, ತಮ್ಮ ಊರು ಕೆತ್ತಿ ಹೋಗಿದ್ದಾರೆ. ಅವರಲ್ಲಿ ಕೆಲವರು ನಮ್ಮ ಜಿಲ್ಲೆಯ ಬಳ್ಳಿಗಾವಿಯವರು. ದೇವಸ್ಥಾನ ಕಟ್ಟಿಸಿದ ರಾಜರು ಅದನ್ನು ಅಳಿಸಲಿಲ್ಲ. ಪರಮೇಶಪ್ಪನವರು ಓದಿ ಕುಣಿದಾಡಿದರು. "ನಮ್ ಜಿಲ್ಲೆಯೋರು ಗಿರಿಜಮ್ಮ! ಇದನ್ನ ಹಿಂದಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹಾಕಿ. ಹೆಸ್ರು ಬರೆಯೋ ಧೈರ್ಯ ಇತ್ತು ನೋಡಿ ಅವ್ರಿಗೆ!"

"ಹಾಗಾದ್ರೆ ಇದ್ರಲ್ಲಿ ನಜೀರ್ ಸಾಬರ ಹೆಸ್ರು?"

"ಅದು ಕಲ್ಲು ಗಿರಿಜಮ್ಮ. ಇದು ಕಾಗದ" ಎಂದರು, ಮತ್ತು ಚಹಾ ತರಿಸಿದರು.

ಕಾಲ ಬದಲಾಯಿತು. ನೆಗೆಟಿವ್ ಹೋಗಿ ಕಂಪ್ಯೂಟರ್ ಬಂತು; ಚಿತ್ರ ತಿರುಗಿಸಲು ಮೊದಲು ಒಂದು ದಿನ ಬೇಕಿತ್ತು, ಈಗ ಒಂದು ಗುಂಡಿ ಒತ್ತಿದರಾಯಿತು. ಹಾಗಾಗಿ ಮೊದಲಿಗಿಂತ ಹೆಚ್ಚು ತಿರುಗಿದವು. ರಸ್ತೆಯಲ್ಲಿ ಫ್ಲೆಕ್ಸ್ ಬಂದು ನಜೀರ್ ಸಾಬರ ಬೋರ್ಡುಗಳು ಒಂದೊಂದೇ ಇಳಿದವು. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು, ಕೈ ನಡುಗತೊಡಗಿತು, ನಮ್ಮಲ್ಲಿಗೆ ಬರುವುದೂ ನಿಂತಿತು. ಶಬಾನಾ ನರ್ಸಿಂಗ್ ಓದಿ ಭದ್ರಾವತಿಯಲ್ಲಿ ಕೆಲಸಕ್ಕೆ ಸೇರಿದಳು. ಪರಮೇಶಪ್ಪನವರು ಮನೆ ಹಿಡಿದರು, ಅವರ ಕುರ್ಚಿಗೆ ಮಗ ಚೇತನ್ ಬಂದ. ಅಪ್ಪನಿಗೆ, ಮಕ್ಕಳಿಗೆ ಏನೂ ಗೊತ್ತಾಗಲ್ಲ ಎಂದಾದರೂ ಗೊತ್ತಿತ್ತು. ಮಗನಿಗೆ ಮಕ್ಕಳು ಎಂಬುವರು ಇದ್ದಾರೆ ಎಂದೇ ಗೊತ್ತಿರಲಿಲ್ಲ. ಅವನ ಬಾಯಲ್ಲಿ ಬರುತ್ತಿದ್ದದ್ದು 'ಮಾರ್ಕೆಟ್' ಮಾತ್ರ.

ಚೇತನ್ ಉಕ್ಕಿನ ಪುಸ್ತಕವನ್ನು ಹೊಸದಾಗಿ ತರಲು ಹೊರಟ. ಹಳೆಯ ಚಿತ್ರಗಳು 'ಡಲ್' ಆಗಿವೆಯಂತೆ. ಕಂಪ್ಯೂಟರಿಗೆ ನಾಲ್ಕು ಸಾಲು ಟೈಪ್ ಮಾಡಿ ಅರ್ಧ ದಿನದಲ್ಲಿ ಇಡೀ ಪುಸ್ತಕಕ್ಕೆ ಚಿತ್ರ ಹೊರಡಿಸಿದ. ಕುಲುಮೆಯ ಮುಂದೆ ನಿಂತವರೆಲ್ಲ ಈಗಷ್ಟೇ ಸ್ನಾನ ಮಾಡಿ ಬಂದವರಂತೆ ಫಳಫಳ ಹೊಳೆಯುತ್ತಿದ್ದರು. ಕುದಿಯುವ ಉಕ್ಕಿನ ಕಡೆ ಮುಖ ಮಾಡಿ ನಗುತ್ತಿದ್ದರು. ಒಬ್ಬನ ಬಲಗೈಯಲ್ಲಿ ಆರು ಬೆರಳಿತ್ತು. "ದುಡಿಯೋ ಕೈ ಅಲ್ವಾ ಮೇಡಂ, ಒಂದು ಎಕ್ಸ್‌ಟ್ರಾ ಇರ್ಲಿ" ಎಂದು ಅವನೇ ನಕ್ಕ. ನಾನು ನಗಲಿಲ್ಲ.

ಆದರೆ ಅವನಿಗೊಂದು ತೊಡಕು ಎದುರಾಯಿತು. ಪುಸ್ತಕ ಕೊಳ್ಳಲು ಒಪ್ಪಿದ್ದ ಶಾಲೆಗಳವರು, ಕಂಪ್ಯೂಟರಿನ ಚಿತ್ರ ಬೇಡ, ಮನುಷ್ಯರು ಬರೆದದ್ದೇ ಬೇಕು, ಅದೂ ನಮ್ಮ ಕಡೆಯ ಕಲಾವಿದರಾದರೆ ಒಳ್ಳೆಯದು, ಹೆಸರು ಹಾಕಿ ಎಂದುಬಿಟ್ಟರು. ಚೇತನ್ ಕೂಡಲೇ ನಜೀರ್ ಸಾಬರನ್ನು ಕರೆಸಿದ. ಅವರು ಮೆಟ್ಟಿಲು ಹತ್ತಿ ಬರುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ನನ್ನ ಮೇಜಿನ ಹತ್ತಿರ ನಿಂತು, "ಅಕ್ಕಾ, ಹೆಸ್ರು ಹಾಕ್ತಾರಂತೆ" ಎಂದು ಮೆಲ್ಲಗೆ ಹೇಳಿದರು. ಹಳೆಯ ಚಿತ್ರಗಳೇ ಮತ್ತೆ ಬರುತ್ತವೆ ಎಂದು ಅವರು ತಿಳಿದಿದ್ದರು.

ಚೇತನ್ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅಚ್ಚಿಗೆ ಹೋಗಬೇಕಾದ ಹಾಳೆಗಳನ್ನು ಕೈಗೆ ಕೊಟ್ಟ. ಮೊದಲ ಹಾಳೆಯಲ್ಲಿ ಬಣ್ಣದ ಅಕ್ಷರಗಳಲ್ಲಿ 'ಚಿತ್ರಗಳು: ನಜೀರ್ ಅಹ್ಮದ್, ಶಿವಮೊಗ್ಗ' ಎಂದಿತ್ತು. ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು. ಅಕ್ಷರಗಳ ಮೇಲೆ ಬೆರಳಾಡಿಸಿದರು. ಇದೇ ಸಾಕು, ಇಲ್ಲಿಗೇ ನಿಲ್ಲಿಸಲಿ, ಮುಂದಿನ ಹಾಳೆ ತಿರುವದಿರಲಿ ಎಂದು ನನಗೆ ಅನ್ನಿಸಿತು. ಅವರು ತಿರುವಿದರು. ಒಂದೊಂದೇ ಹಾಳೆಯನ್ನು ನೋಡಿ ಮಡಿಲಿನಲ್ಲಿಟ್ಟುಕೊಂಡರು.

"ಯಾರು ಬರ್ದಿದ್ದು ಇದು?"

"ಕಂಪ್ಯೂಟರ್, ಅಂಕಲ್. ಯಾರಿಗೂ ಗೊತ್ತಾಗಲ್ಲ. ಶಾಲೆಯವ್ರು ಫೋನ್ ಮಾಡಿ ಕೇಳಿದ್ರೆ, ಹೂಂ ನಾನೇ ಬರ್ದೆ ಅಂದ್ರೆ ಆಯ್ತು."

"ಶಬಾನಾ ಕೇಳ್ತಾಳಲ್ಲಪ್ಪ" ಎಂದರು ನಜೀರ್ ಸಾಬರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ನಿಜ ಹೇಳಿ ಮಗು ಬೆಂಚ್ ಮೇಲೆ ನಿಂತ್ಕೊಳ್ತು. ಈಗ ಸುಳ್ಳು ಹೇಳಿ ನಾನು ಕುರ್ಚಿ ಮೇಲೆ ಕೂತ್ಕೊಳ್ಳಾ?"

ಹಾಳೆಗಳನ್ನು ಅಂಚು ಸರಿಮಾಡಿ ಮೇಜಿನ ಮೇಲಿಟ್ಟು, ಹೆಸರಿದ್ದ ಹಾಳೆಯನ್ನು ಕೆಳಮುಖವಾಗಿ ಮಾಡಿ ಅವರು ಎದ್ದರು. "ಸರಿ ಬಿಡಿ, ನನ್ ಹೆಸ್ರೇ ಹಾಕ್ಕೋತೀನಿ" ಎಂದು ಚೇತನ್ ಆ ಹಾಳೆಯನ್ನು ನನ್ನ ಕಡೆ ತಳ್ಳಿದ. "ಮೇಡಂ, ತಿದ್ದಿಬಿಡಿ."

ನಾನು ತಿದ್ದಲಿಲ್ಲ. ಕೈಚೀಲ ತೆಗೆದುಕೊಂಡು, ನಜೀರ್ ಸಾಬರ ಕೈ ಹಿಡಿದು ಮೆಟ್ಟಿಲು ಇಳಿಸಿದೆ, ನಾನೂ ಮತ್ತೆ ಅದನ್ನು ಹತ್ತಲಿಲ್ಲ. ನನ್ನ ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು.